ಸೋರುವುದು ಯಂತ್ರಧರ್ಮವೇನಲ್ಲ

ಹೊಸ ಬೈಕಿನ ಎಂಜಿನ್ ಅಡಿಯಲ್ಲಿ ಆಯಿಲ್ ಜಿನುಗುತ್ತಿದೆ ಎಂದು ಯಾರಿಗಾದರೂ ಹೇಳಿ ನೋಡಿ. ಸರ್ವಿಸ್ ಸೆಂಟರಿನ ಕೌಂಟರಿನಲ್ಲಿರುವವರು ‘ಇದು ಲೀಕ್ ಅಲ್ಲ ಸಾರ್, ಸೀಪೇಜ್ ಅಷ್ಟೆ. ಈ ಮಾಡೆಲ್‌ನಲ್ಲಿ ಎಲ್ಲಾ ಗಾಡೀಗೂ ಇರುತ್ತೆ’ ಎನ್ನುತ್ತಾರೆ. ಹಳೆಯ ಬುಲೆಟ್ ಓಡಿಸಿ ಮೀಸೆ ನರೆತವರು ‘ಸೋರ್ತಾ ಇದೆ ಅಂದ್ರೆ ಒಳಗೆ ಆಯಿಲ್ ಇದೆ ಅಂತಾಯ್ತಲ್ಲಯ್ಯಾ, ಸೋರೋದು ನಿಂತಾಗ ಹೆದರ್ಕೋ’ ಎಂದು ನಗುತ್ತಾರೆ. ವ್ಯವಹಾರ ಬಲ್ಲ ಗೆಳೆಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ‘ಶೋರೂಮ್‌ನೋರ ಹತ್ರ ಏನ್ ಗುದ್ದಾಡ್ತೀಯಾ, ನಮ್ ಹುಡುಗನ ಗ್ಯಾರೇಜಿಗೆ ಬಿಡು, ಒಂದು ಪ್ಯಾಕಿಂಗ್ ಹಾಕಿ ಮುಗಿಸ್ತಾನೆ’ ಎಂದು ಫೋನ್ ನಂಬರ್ ಕೊಡುತ್ತಾನೆ. ದನಿ ಮೂರು, ಮಾತು ಒಂದೇ: ಅಷ್ಟಿಷ್ಟು ಆಯಿಲ್ ಸೋರುವುದು ಯಂತ್ರಧರ್ಮ, ಅದಕ್ಕೂ ವಾರಂಟಿ ಕೇಳುವವನು ತಕರಾರಿನ ಮನುಷ್ಯ.

ಈ ಮಾತು ಶುದ್ಧ ಸುಳ್ಳು. ವಾರಂಟಿ ಇರುವ ಗಾಡಿಯಿಂದ ಆಯಿಲ್ ಹೊರಗೆ ಬರುತ್ತಿದ್ದರೆ ಅದು ದೋಷ. ಸರಿಪಡಿಸುವ ಖರ್ಚು ಗಾಡಿ ಮಾಡಿದವರದು. ‘ಸಹಜ’ ಎಂದು ನಂಬಿಸಿದ ಮರುಕ್ಷಣವೇ ಆ ಖರ್ಚು ಗಾಡಿ ಕೊಂಡವನ ತಲೆಗೆ ಬರುತ್ತದೆ. ಈ ನಂಬಿಕೆ ಇಷ್ಟು ಕಾಲ ಬಾಳಿರುವುದಕ್ಕೆ ಇದಕ್ಕಿಂತ ಬೇರೆ ಕಾರಣ ನನಗಂತೂ ಕಾಣುವುದಿಲ್ಲ.

ನಂಬಿಕೆಗೆ ಒಂದು ಇತಿಹಾಸ ಇದೆ, ಅದನ್ನು ಅಲ್ಲಗಳೆಯುವಂತಿಲ್ಲ. 1955ರಿಂದ ಮದ್ರಾಸಿನಲ್ಲಿ ತಯಾರಾದ ಬುಲೆಟ್ ಮೂಲತಃ ಇಂಗ್ಲೆಂಡಿನ ವಿನ್ಯಾಸ. ಎರಕದ ಕಬ್ಬಿಣದ ಬ್ಯಾರೆಲ್ಲು, ಬೇರೆಯದೇ ಗೇರ್‌ಬಾಕ್ಸು, ಎಡಗಡೆಯ ಪ್ರೈಮರಿ ಕವರನ್ನು ಹಿಡಿದಿಟ್ಟುಕೊಳ್ಳಲು ನಡುವೆ ಒಂದೇ ಒಂದು ನಟ್ಟು, ಸುತ್ತ ಒಂದು ರಬ್ಬರ್ ಉಂಗುರ. ಆ ನಟ್ಟನ್ನು ಸ್ವಲ್ಪ ಸಡಿಲ ಬಿಟ್ಟರೆ ಸೋರಿತು, ಜಾಸ್ತಿ ಬಿಗಿದರೆ ಕವರೇ ಡೊಂಕಾಗಿ ಸೋರಿತು. ಇನ್ನೊಂದು ಕಡೆ ನಮ್ಮ ಮೈಸೂರಿನ ಐಡಿಯಲ್ ಜಾವಾ. ಆ ಕಾರ್ಖಾನೆಯ ಜಾವಾ, ಯೆಜ್ಡಿಗಳು ಟೂ ಸ್ಟ್ರೋಕ್ ಗಾಡಿಗಳು. ಪೆಟ್ರೋಲಿನೊಳಕ್ಕೇ ಆಯಿಲ್ ಸುರಿದು ಓಡಿಸಬೇಕು, ಅರೆಬರೆ ಉರಿದ ಆಯಿಲ್ ಸೈಲೆನ್ಸರಿನ ಜಾಯಿಂಟಿನಲ್ಲಿ ಕಪ್ಪಗೆ ಇಳಿಯುವುದು ಆ ಜಾತಿಯ ಎಂಜಿನ್ನಿನ ಸ್ವಭಾವವೇ. 1996ರಲ್ಲಿ ಕಾರ್ಖಾನೆ ಮುಚ್ಚಿತು, ಪ್ಯಾಂಟಿಗೆ ಅಂಟಿದ ಕಲೆಯ ಮೇಲಿನ ಅಕ್ಕರೆ ಮಾತ್ರ ಹಳೆ ಮೈಸೂರಿನವರಲ್ಲಿ ಉಳಿಯಿತು. ಆ ಅಕ್ಕರೆಗೆ ನನ್ನ ಆಕ್ಷೇಪವಿಲ್ಲ. ಟೂ ಸ್ಟ್ರೋಕಿನ ನೆನಪನ್ನು ಹೊತ್ತು ತಂದು ಇವತ್ತಿನ ಫೋರ್ ಸ್ಟ್ರೋಕ್ ಎಂಜಿನ್ನಿಗೆ ತೀರ್ಪು ಕೊಡುವುದಕ್ಕೆ ಇದೆ.

ಯಾಕೆಂದರೆ ಸೋರಿಕೆಯ ಸಮಸ್ಯೆಗೆ ಉತ್ತರ ಸಿಕ್ಕಿ ಅರ್ಧ ಶತಮಾನವೇ ಆಯಿತು. 1969ರಲ್ಲಿ ಹೋಂಡಾ ಸಿಬಿ750 ಬಂದಾಗ ಅದರ ಕ್ರ್ಯಾಂಕ್‌ಕೇಸನ್ನು ಎಡ-ಬಲವಾಗಿ ಸೀಳದೆ ಮೇಲೆ-ಕೆಳಗೆ ಎಂದು ಅಡ್ಡಡ್ಡ ಸೀಳಿದ್ದರು. ಬ್ರಿಟಿಷ್ ಗಾಡಿಗಳಲ್ಲಿ ಜೋಡಣೆಯ ಗೆರೆ ಆಯಿಲ್ ನಿಲ್ಲುವ ತಳದ ಮೂಲಕವೇ ಹಾದುಹೋಗುತ್ತಿತ್ತು. ಇಲ್ಲಿ ಅದು ಮೇಲಕ್ಕೆ ಹೋಯಿತು. ‘ಆದರೆ ನಮ್ಮ 100 ಸಿಸಿ ಗಾಡಿಗಳ ಕೇಸು ಇವತ್ತಿಗೂ ಎಡ-ಬಲವಾಗಿಯೇ ಸೀಳಿರುತ್ತದಲ್ಲ’ ಎಂದು ಮೆಕ್ಯಾನಿಕ್ ಕೇಳಬಹುದು. ಹೌದು, ನನಗೆ ಬೇಕಾದ ಸಾಕ್ಷಿಯೂ ಅದೇ. 1985ರಲ್ಲಿ ಬಂದ ಹೀರೋ ಹೋಂಡಾ ಸಿಡಿ100 ಹಾಗೆ ಸೀಳಿದ ಎಂಜಿನ್ನೇ. ಹಾಲಿನ ಕ್ಯಾನು, ಹುಲ್ಲಿನ ಹೊರೆ, ಹೆಂಡತಿ, ಎರಡು ಮಕ್ಕಳು ಎಲ್ಲವನ್ನೂ ಹೊತ್ತು ಹಳ್ಳಿಯ ಕಲ್ಲುದಾರಿಯಲ್ಲಿ ವರ್ಷಗಟ್ಟಲೆ ಓಡಿದ ಆ ಗಾಡಿಗಳ ಎಂಜಿನ್ ಮೇಲೆ ಧೂಳು ಕೂತಿತೇ ಹೊರತು ಧೂಳು ಹಿಡಿಯುವ ಆಯಿಲ್ ಇರಲಿಲ್ಲ. ಮೇಲ್ಮೈಯನ್ನು ನಯವಾಗಿ ಮಟ್ಟಸ ಮಾಡಿ, ಒಳ್ಳೆಯ ಗ್ಯಾಸ್ಕೆಟ್ ಕೂರಿಸಿ, ಬೋಲ್ಟುಗಳನ್ನು ಹೇಳಿದ ಅಳತೆಗೆ, ಹೇಳಿದ ಸರದಿಯಲ್ಲಿ ಬಿಗಿದರೆ ಸೋರುವುದಿಲ್ಲ. ಬುಲೆಟ್ಟಿನವರೇ 2008–09ರ ಹೊತ್ತಿಗೆ ಎಂಜಿನ್ನು, ಗೇರ್‌ಬಾಕ್ಸು ಎರಡನ್ನೂ ಒಂದೇ ಕೇಸಿನೊಳಗೆ ತಂದು ಜಾಯಿಂಟುಗಳನ್ನು ಕಡಿಮೆ ಮಾಡಿಕೊಂಡರು. ಸೋರುವುದು ಯಂತ್ರಧರ್ಮವಾಗಿದ್ದರೆ ಅವರಿಗೆ ಆ ಉಸಾಬರಿ ಯಾಕೆ ಬೇಕಿತ್ತು?

ಇನ್ನು ‘ಸ್ವಲ್ಪ ತಾನೆ’ ಎಂಬ ಮಾತು. ಸಾಧಾರಣ ಕಮ್ಯೂಟರ್ ಬೈಕಿನ ಎಂಜಿನ್ ಹಿಡಿಯುವುದು ಹೆಚ್ಚುಕಡಿಮೆ ಒಂದು ಲೀಟರ್ ಆಯಿಲ್. ಅದೇ ಆಯಿಲ್ ಪಿಸ್ಟನ್ನಿಗೂ ಬೇಕು, ಗೇರಿಗೂ ಬೇಕು, ಕ್ಲಚ್ ಪ್ಲೇಟುಗಳೂ ಅದರಲ್ಲೇ ಮುಳುಗಿರಬೇಕು. ನಾಲ್ಕು ಲೀಟರ್ ಹಿಡಿಯುವ ಕಾರಿನಲ್ಲಿ ಇನ್ನೂರು ಎಂಎಲ್ ಕಡಿಮೆಯಾದರೆ ಗೊತ್ತೂ ಆಗುವುದಿಲ್ಲ. ಬೈಕಿನಲ್ಲಿ ಅದು ಐದನೇ ಒಂದು ಪಾಲು. ಕಾರಿನಲ್ಲಾದರೆ ಆಯಿಲ್ ತೀರಾ ಇಳಿದಾಗ ಕೆಂಪು ದೀಪ ಹತ್ತುತ್ತದೆ. ನಮ್ಮ ಬಹುಪಾಲು ಸಣ್ಣ ಬೈಕುಗಳಲ್ಲಿ ಆಯಿಲ್ ಕಡಿಮೆಯಾಯಿತೆಂದು ಹೇಳುವ ದೀಪವೇ ಇಲ್ಲ. ಡಿಪ್‌ಸ್ಟಿಕ್ ತೆಗೆದು ಒರೆಸಿ ನೋಡಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಎಷ್ಟು ಜನ ನೋಡುತ್ತಾರೆ? ಅದಕ್ಕಿಂತ ಕೆಟ್ಟದ್ದು ಎಡಗಡೆಯ ಸೋರಿಕೆ. ಮುಂದಿನ ಸ್ಪ್ರಾಕೆಟ್ ಹಿಂದಿನ ಸೀಲು ಹೋದರೆ ಆಯಿಲ್ ಚೈನಿಗೆ ಹತ್ತಿ, ಚೈನು ಅದನ್ನು ಹಿಂದಿನ ಚಕ್ರಕ್ಕೆ ಎರಚುತ್ತದೆ. ಮಳೆ ಬಿದ್ದ ರಸ್ತೆಯ ತಿರುವಿನಲ್ಲಿ ಟೈರಿನ ಅಂಚಿಗೆ ಸವರಿದ ಆಯಿಲನ್ನು ಸೀಪೇಜ್ ಎನ್ನಿ, ಲೀಕೇಜ್ ಎನ್ನಿ, ಟೈರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಬರೀ ತೇವ ಮತ್ತು ಹನಿ ಇವುಗಳ ನಡುವೆ ವ್ಯತ್ಯಾಸವೇ ಇಲ್ಲವೇ? ಇದೆ. ಆಯಿಲ್ ಕಂಡಲ್ಲೆಲ್ಲ ಎಂಜಿನ್ ಸೋರಿದೆ ಎಂದೂ ಅಲ್ಲ. ಚೈನಿಗೆ ಹೊಡೆದ ಲೂಬ್ ಸಿಡಿದು ಎಂಜಿನ್ ಮೇಲೆ ಕೂತಿರಬಹುದು. ಬ್ರೀದರ್ ಪೈಪು ಕಟ್ಟಿಕೊಂಡು ಒಳಗಿನ ಒತ್ತಡ ಏರಿ ಒಳ್ಳೆಯ ಸೀಲಿನ ಮೂಲಕವೇ ಆಯಿಲ್ ಹೊರಗೆ ತಳ್ಳಲ್ಪಟ್ಟಿರಬಹುದು. ಸರ್ವಿಸ್ ಹುಡುಗ ಬಾಟಲಿಯಲ್ಲಿದ್ದದ್ದನ್ನೆಲ್ಲ ಸುರಿದು ಮಟ್ಟದ ಗೆರೆ ದಾಟಿಸಿರಬಹುದು. ಗಾಡಿ ಓಡುವಾಗ ಗಾಳಿ ಆಯಿಲನ್ನು ಹಿಂದಕ್ಕೆ ಎಳೆಯುವುದರಿಂದ ಟ್ಯಾಪೆಟ್ ಕವರಿನಲ್ಲಿ ಹುಟ್ಟಿದ್ದು ಕ್ಲಚ್ ಕವರಿನ ಕೆಳಗೆ ಕಾಣಿಸಿಕೊಳ್ಳಬಹುದು. ಇದನ್ನೆಲ್ಲ ಬಿಡಿಸುವ ದಾರಿ ಕಷ್ಟದ್ದೂ ಅಲ್ಲ. ಎಂಜಿನ್ ಹೊರಮೈ ಪೂರ್ತಿ ತೊಳೆದು ಒಣಗಿಸಬೇಕು, ಅನುಮಾನದ ಜಾಯಿಂಟುಗಳ ಮೇಲೆ ಟಾಲ್ಕಂ ಪೌಡರ್ ಉದುರಿಸಬೇಕು, ಸ್ವಲ್ಪ ದೂರ ಓಡಿಸಿ ಬಂದು ಬಗ್ಗಿ ನೋಡಬೇಕು. ಆಯಿಲ್ ಹುಟ್ಟುವ ಜಾಗದಲ್ಲಿ ಬಿಳಿ ಪೌಡರಿನ ಮೇಲೆ ಕಂದು ಗೆರೆ ಮೂಡಿರುತ್ತದೆ. ಕೌಂಟರಿನಲ್ಲಿ ಕೂತು ‘ಸೀಪೇಜ್’ ಎಂದು ತೀರ್ಪು ಕೊಡುವವರು ಇಷ್ಟು ಮಾಡಿ ಹೇಳಿದರೆ ನಾನೂ ಕೇಳಿಯೇನು. ಕೂತಲ್ಲೇ ಹೇಳಿದರೆ ಅದು ತಪಾಸಣೆಯಲ್ಲ, ಸಾಗಹಾಕುವ ಉಪಾಯ.

ಸಾಗಹಾಕುವ ಕಲೆ ನೋಡಬೇಕಾದರೆ ಬೆಂಗಳೂರಿನ ಯಾವುದಾದರೂ ದೊಡ್ಡ ಸರ್ವಿಸ್ ಸೆಂಟರಿನಲ್ಲಿ ಬೆಳಗಿನ ಹೊತ್ತು ನಿಲ್ಲಬೇಕು. ನಮ್ಮ ಬೀದಿಯಲ್ಲಿ ಊಟ ತಲುಪಿಸುವ ಕೆಲಸದ ಹುಡುಗನೊಬ್ಬನ ಜೊತೆ ನಾನು ಹಾಗೆ ನಿಂತಿದ್ದೆ. ಅವನ ಗಾಡಿಯ ಸ್ಪ್ರಾಕೆಟ್ ಕವರಿನ ಕೆಳಗೆ ಹನಿ ಕಟ್ಟಿ ತೊಟ್ಟಿಕ್ಕುತ್ತಿತ್ತು. ಅಡ್ವೈಸರ್ ಟ್ಯಾಬಿನಲ್ಲಿ ಬೆರಳಾಡಿಸಿ ಜಾಬ್ ಕಾರ್ಡ್ ಮಾಡಿದರು: ಜನರಲ್ ಚೆಕಪ್, ವಾಟರ್ ವಾಶ್. ಆಯಿಲಿನ ಮಾತೇ ಇಲ್ಲ. ‘ಅಣ್ಣಾ, ಲೀಕ್ ಅಂತ ಬರೀರಿ’ ಎಂದು ಹುಡುಗ ಕೇಳಿದ. ‘ಅದೆಲ್ಲ ಹುಡುಗ್ರಿಗೆ ಹೇಳಿರ್ತೀನಿ, ಬರಿಯೋದೇನೂ ಬೇಡ’ ಎಂದರು. ಸಂಜೆ ಹೋದರೆ ಗಾಡಿ ಫಳಫಳ ಹೊಳೆಯುತ್ತಿತ್ತು. ಅಡ್ವೈಸರ್ ಬನಿಯನ್ ವೇಸ್ಟಿನ ತುಂಡಿನಿಂದ ಎಂಜಿನ್ ತಳವನ್ನು ಇನ್ನೊಮ್ಮೆ ಒರೆಸಿ, ಬಿಳಿಯಾಗಿಯೇ ಉಳಿದ ಬಟ್ಟೆಯನ್ನು ನಮ್ಮ ಮುಖಕ್ಕೆ ಹಿಡಿದು, ‘ನೋಡಿ, ಏನಿದೆ?’ ಎಂದರು. ಈಗಷ್ಟೇ ನೀರು ಹೊಡೆದು ತೊಳೆದ ಎಂಜಿನ್ನಿನಲ್ಲಿ ಏನಿರುತ್ತದೆ? ಸೋರಿಕೆಯ ದೂರಿಗೆ ಮೊದಲ ಚಿಕಿತ್ಸೆಯಾಗಿ ವಾಟರ್ ವಾಶ್ ಮಾಡುವುದೆಂದರೆ ಸಾಕ್ಷ್ಯವನ್ನು ತೊಳೆದು ಹಾಕುವುದು. ತೊಳೆದದ್ದಕ್ಕೆ ಬಿಲ್ ಬೇರೆ.

ಆ ಅಡ್ವೈಸರ್ ಕೆಟ್ಟವರೆಂದು ನಾನು ಹೇಳುವುದಿಲ್ಲ. ಅವರ ಮೇಲಿನ ಲೆಕ್ಕಾಚಾರ ಹಾಗಿದೆ. ವಾರಂಟಿ ಕೆಲಸಕ್ಕೆ ಗ್ರಾಹಕ ದುಡ್ಡು ಕೊಡುವುದಿಲ್ಲ. ಡೀಲರು ಫೋಟೋ ತೆಗೆದು, ಹಳೆಯ ಪಾರ್ಟಿಗೆ ಚೀಟಿ ಕಟ್ಟಿ ಇಟ್ಟು, ಕಂಪನಿಗೆ ಕ್ಲೇಮ್ ಹಾಕಿ, ಅವರು ನಿಗದಿ ಮಾಡಿದ ಕೂಲಿಗೆ ಕಾಯಬೇಕು. ಕಂಪನಿಯ ಎಂಜಿನಿಯರ್ ಒಪ್ಪದಿದ್ದರೆ ಪಾರ್ಟಿನ ದುಡ್ಡೂ ಡೀಲರಿನ ಕೈಬಿಟ್ಟಿತು. ಅದೇ ಹೊತ್ತಿನಲ್ಲಿ ಅದೇ ಬೇಯಲ್ಲಿ ಎರಡು ಪೇಯ್ಡ್ ಸರ್ವಿಸ್ ಮುಗಿಸಬಹುದು. ಹೀಗಿರುವಾಗ ‘ಸಹಜ’ ಎನ್ನುವುದು ಕೌಂಟರಿನ ಅತಿ ಅಗ್ಗದ ರಿಪೇರಿ. ಇದು ಡೀಲರಿಗೂ ಕಂಪನಿಗೂ ನಡುವಿನ ತಕರಾರು. ಅದನ್ನು ಅವರವರೇ ಬಗೆಹರಿಸಿಕೊಳ್ಳಲಿ. ಗಾಡಿ ಕೊಂಡವನು ಅವರ ಪರವಾಗಿ ಉದಾರಿಯಾಗಬೇಕಾಗಿಲ್ಲ.

ಸ್ವಲ್ಪ ಓದಿದವರು ಇಲ್ಲಿ ವಾರಂಟಿ ಪುಸ್ತಕ ತೆಗೆಯುತ್ತಾರೆ. ಕೆಲವು ಪುಸ್ತಕಗಳಲ್ಲಿ ಗ್ಯಾಸ್ಕೆಟ್ಟು, ಆಯಿಲ್ ಸೀಲು, ರಬ್ಬರ್ ಭಾಗಗಳನ್ನು ಬ್ರೇಕ್ ಶೂ, ಕ್ಲಚ್ ಪ್ಲೇಟುಗಳ ಸಾಲಿಗೆ ಸೇರಿಸಿ ‘ಸವೆಯುವ ಭಾಗ’ ಎಂದು ಕೈತೊಳೆದುಕೊಂಡಿರುತ್ತಾರೆ. ಇನ್ನು ಕೆಲವದರಲ್ಲಿ, ವಾಹನದ ಕಾರ್ಯಕ್ಕೆ ಅಡ್ಡಿಯಾಗದ ಸದ್ದು, ಅದುರುವಿಕೆ, ಆಯಿಲ್ ಜಿನುಗುವಿಕೆ ವಾರಂಟಿಗೆ ಬರುವುದಿಲ್ಲ ಎಂಬ ಅರ್ಥದ ಸಾಲು ಇರುತ್ತದೆ. ಸಣ್ಣಕ್ಷರದ ಈ ಸಾಲುಗಳನ್ನು ಶಾಸನವೆಂದು ತಿಳಿದು ತಲೆಬಾಗುವವರೇ ಹೆಚ್ಚು. ನಾನು ಕೇಳುವುದು ಇಷ್ಟೆ. ಬ್ರೇಕ್ ಶೂ ಪ್ರತಿ ಸಲ ಬ್ರೇಕ್ ಹಿಡಿದಾಗಲೂ ಸವೆಯಬೇಕು, ಅದರ ಕೆಲಸವೇ ಅದು. ಆರು ತಿಂಗಳ ಗಾಡಿಯ ಟ್ಯಾಪೆಟ್ ಕವರಿನ ಗ್ಯಾಸ್ಕೆಟ್ ಏನನ್ನು ಉಜ್ಜಿಕೊಂಡು ಸವೆಯಿತು? ಕದಲದೆ ಕೂತಿರುವುದಷ್ಟೇ ಅದರ ಕೆಲಸ. ಇನ್ನು ‘ಕಾರ್ಯಕ್ಕೆ ಅಡ್ಡಿಯಾಗದ ಜಿನುಗು’ ಎಂಬುದು. ಆಯಿಲ್ ಸೀಲಿನ ಕಾರ್ಯ ಆಯಿಲನ್ನು ಒಳಗಿಡುವುದು. ಆಯಿಲ್ ಹೊರಗೆ ಬಂದ ಮೇಲೆ ಆ ಭಾಗದ ಕಾರ್ಯ ಕೆಟ್ಟಿತೇ, ಇಲ್ಲವೇ? ಅಡ್ಡಿಯಾಗಿಲ್ಲ ಎನ್ನುವವರು ಅಳೆದು ತೋರಿಸಲಿ: ಇಂತಿಷ್ಟು ಕಿಲೋಮೀಟರಿಗೆ ಮಟ್ಟ ಇಷ್ಟು ಇಳಿಯಿತು, ಇಷ್ಟು ಇಳಿಯಬಹುದು ಎಂದು ನಮ್ಮ ಸರ್ವಿಸ್ ಮ್ಯಾನ್ಯುಯಲ್ಲಿನಲ್ಲಿ ಇದೆ ಎಂದು ಬರೆದು ಕೊಡಲಿ.

ಗೆಳೆಯ ನಂಬರ್ ಕೊಟ್ಟ ಗ್ಯಾರೇಜಿಗೆ ಬರೋಣ. ಬೀದಿ ಬದಿಯ ಮೆಕ್ಯಾನಿಕ್ಕುಗಳ ಕೈಚಳಕದ ಬಗ್ಗೆ ನನಗೆ ಗೌರವವಿದೆ. ಪ್ಯಾಕಿಂಗ್ ಸಿಗದ ಊರಿನಲ್ಲಿ ಶೀಟಿನಿಂದ ಕವರಿನ ಅಚ್ಚು ತೆಗೆದು, ಬೋಲ್ಟಿನ ತೂತುಗಳನ್ನು ಸುತ್ತಿಗೆಯ ದುಂಡು ತಲೆಯಿಂದ ತಟ್ಟಿ ತಟ್ಟಿ ಕತ್ತರಿಸಿ ಕೊಡುವವರನ್ನು ಕಂಡಿದ್ದೇನೆ. ವಾರಂಟಿ ಮುಗಿದ ಗಾಡಿಗೆ ಅವರೇ ದೇವರು. ವಾರಂಟಿ ಇರುವ ಗಾಡಿಯ ವಿಷಯ ಬೇರೆ. ಹೊರಗೆ ಬಿಚ್ಚಿಸಿದ ಎಂಜಿನ್ನು ಎಂಬ ಒಂದು ನೆಪ ಸಿಕ್ಕರೆ ನಾಳೆ ಕ್ರ್ಯಾಂಕಿನ ಬೇರಿಂಗ್ ಹೋದರೂ ಶೋರೂಮಿನವರು ಕೈ ಎತ್ತುತ್ತಾರೆ. ಅವಸರದಲ್ಲಿ ಗ್ಯಾಸ್ಕೆಟ್ ಬದಲು ಬರೀ ಅನಾಬಾಂಡ್ ಅಂಟು ಬಳಿದು ಕೂರಿಸಿದರೆ ಹೊರಗೆ ಒಸರಿದ್ದು ಕಾಣುತ್ತದೆ. ಅಷ್ಟೇ ಒಳಗೂ ಒಸರಿ, ಒಣಗಿ, ಚೂರಾಗಿ ಸ್ಟ್ರೈನರಿಗೆ ಬಂದು ಕೂರುವುದು ಯಾರಿಗೂ ಕಾಣುವುದಿಲ್ಲ.

ಆದರೆ ಹೊರಗೆ ಮಾಡಿಸಬೇಡಿ ಎನ್ನಲು ನನ್ನ ಮುಖ್ಯ ಕಾರಣ ಅನಾಬಾಂಡ್ ಅಲ್ಲ. ಹೊರಗೆ ಮುಚ್ಚಿದ ಸೋರಿಕೆ ಯಾವ ದಾಖಲೆಯಲ್ಲೂ ಉಳಿಯುವುದಿಲ್ಲ. ಸೀಲಿನ ಒಂದು ಬ್ಯಾಚೇ ಕಳಪೆ ಬಂದಿತ್ತೋ, ಕಾರ್ಖಾನೆಯ ಒಂದು ಯಂತ್ರ ಮಟ್ಟ ತಪ್ಪಿ ಉಜ್ಜುತ್ತಿತ್ತೋ ಎಂಬುದು ಕಂಪನಿಗೆ ತಿಳಿಯುವುದು ಕ್ಲೇಮುಗಳ ಮೂಲಕವೇ. ನೂರು ಊರುಗಳಲ್ಲಿ ನೂರು ಜಾಣರು ಇನ್ನೂರು ಮುನ್ನೂರು ಕೊಟ್ಟು ಹೊರಗೆ ಮುಗಿಸಿಕೊಂಡರೆ ಕಂಪನಿಯ ಕಡತದಲ್ಲಿ ಆ ಎಂಜಿನ್ ನಿರ್ದೋಷಿ, ಮುಂದಿನ ವರ್ಷದ ಗಾಡಿಗೂ ಅದೇ ಸೀಲು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ 110ಎ ಎಂಬ ಕಲಂ ಸೇರಿತು. ಅದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಒಂದೇ ಮಾದರಿಯಲ್ಲಿ ಸವಾರರಿಗೋ ಪರಿಸರಕ್ಕೋ ಹಾನಿ ಮಾಡಬಲ್ಲ ದೋಷದ ಬಗ್ಗೆ ನಿಗದಿತ ಪ್ರಮಾಣದಲ್ಲಿ ದೂರು ಬಂದರೆ, ಗಾಡಿಗಳನ್ನು ವಾಪಸ್ ಕರೆಸಿ ಸರಿಪಡಿಸುವಂತೆ ಸರ್ಕಾರ ಕಂಪನಿಗೆ ಆದೇಶಿಸಬಹುದು. ದೂರೇ ಇಲ್ಲದಿದ್ದರೆ ಯಾವ ಆಧಾರದ ಮೇಲೆ ಆದೇಶಿಸಬೇಕು? ‘ನನ್ನ ಗಾಡಿ ನಾನು ಸರಿ ಮಾಡಿಸಿಕೊಂಡೆ’ ಎನ್ನುವ ವ್ಯವಹಾರಸ್ಥ ತನ್ನ ಹಿಂದೆ ಕ್ಯೂನಲ್ಲಿ ಬರುವವರಿಗೆ ಅದೇ ದೋಷವನ್ನು ದಾಟಿಸಿ ಹೋಗಿರುತ್ತಾನೆ.

ನನ್ನ ವಾದದ ವಿರುದ್ಧ ತೂಕದ ಆಕ್ಷೇಪ ಒಂದೇ. ಕಾರ್ಖಾನೆಯಲ್ಲಿ ಜೋಡಿಸಿದ ಎಂಜಿನ್ನನ್ನು ಸರ್ವಿಸ್ ಸೆಂಟರಿನ ತರಬೇತಿ ಹುಡುಗನ ಕೈಗೆ ಕೊಟ್ಟರೆ, ತೇವ ಒರೆಸಿಕೊಂಡು ಓಡಿಸಬಹುದಾಗಿದ್ದ ಗಾಡಿ ಹರಿಯುವ ಗಾಡಿಯಾಗಿ ಹಿಂದಿರುಗುತ್ತದೆ ಎನ್ನುವುದು. ಇದನ್ನು ಅನುಭವಸ್ಥರು ಹೇಳುತ್ತಾರೆ, ಸುಳ್ಳೂ ಅಲ್ಲ. ಟಾರ್ಕ್ ರೆಂಚನ್ನು ಗೋಡೆಗೆ ನೇತುಹಾಕಿ, ಉದ್ದ ಹಿಡಿಯ ಸ್ಪ್ಯಾನರಿನಲ್ಲಿ ಅಲ್ಯೂಮಿನಿಯಂ ಕೇಸಿನ ಥ್ರೆಡ್ ಕಿತ್ತುಬರುವ ಹಾಗೆ ಡ್ರೈನ್ ಬೋಲ್ಟ್ ಬಿಗಿಯುವ ದೃಶ್ಯ ನಾನೂ ನೋಡಿದ್ದೇನೆ. ಆದರೆ ಬಹುಪಾಲು ಸೋರಿಕೆಗಳಿಗೆ ಎಂಜಿನ್ ಬಿಚ್ಚುವ ಪ್ರಮೇಯವೇ ಇಲ್ಲ. ಡ್ರೈನ್ ಬೋಲ್ಟಿನದಾದರೆ ಒಂದು ವಾಷರ್. ಟ್ಯಾಪೆಟ್ ಕವರಿನದಾದರೆ ಕೆಲವು ಬೋಲ್ಟು, ಒಂದು ರಬ್ಬರ್ ಗ್ಯಾಸ್ಕೆಟ್. ಸ್ಪ್ರಾಕೆಟ್ ಹಿಂದಿನ ಸೀಲನ್ನು ಅನೇಕ ಗಾಡಿಗಳಲ್ಲಿ ಹೊರಗಿನಿಂದಲೇ ಕೀಳಬಹುದು. ಕ್ರ್ಯಾಂಕ್‌ಕೇಸಿನ ಜೋಡಣೆಯ ಗೆರೆಯಲ್ಲೇ ಸೋರಿದರೆ ಮಾತ್ರ ಪೂರ್ತಿ ಬಿಚ್ಚಬೇಕು. ಅಂಥ ಗಾಡಿ ಕೊಟ್ಟವರಿಂದ ಹೊಸ ಕೇಸನ್ನೇ ಕೇಳುವುದು ಅತಿಯಾಸೆಯಲ್ಲ. ಬಿಚ್ಚಿದ ಮೇಲೆ ಕೆಟ್ಟರೆ ಆ ಕೆಡುಕೂ ಅವರದೇ. ಹುಡುಗನಿಗೆ ಕೆಲಸ ಬರುವುದಿಲ್ಲ ಎಂಬುದು ವಾರಂಟಿ ಕೇಳದಿರಲು ಕಾರಣವಾದರೆ, ಆ ಹುಡುಗ ಮಾಡುವ ಪೇಯ್ಡ್ ಸರ್ವಿಸ್‌ಗೆ ದುಡ್ಡು ಕೊಡುವುದಕ್ಕೆ ಕಾರಣವೇನು?

ಕಾನೂನಿನ ಮಾತು ಬಂದರೆ ಜನ ನಕ್ಕುಬಿಡುತ್ತಾರೆ. ಮುನ್ನೂರು ರೂಪಾಯಿ ಸೀಲಿಗೆ ಕೋರ್ಟೇ? 2020ರ ಜುಲೈ 20ರಂದು ಜಾರಿಗೆ ಬಂದ ಗ್ರಾಹಕರ ರಕ್ಷಣಾ ಕಾಯ್ದೆಯನ್ನು ಅವರು ತೆರೆದು ನೋಡಿಲ್ಲ. ಕಾನೂನಿನಿಂದಾಗಲಿ ಒಪ್ಪಂದದಿಂದಾಗಲಿ ಇರಬೇಕಾದ ಗುಣಮಟ್ಟದಲ್ಲಿ ಯಾವ ಕೊರತೆ ಇದ್ದರೂ ಅದು ದೋಷ ಎನ್ನುತ್ತದೆ ಅದು. ಸಣ್ಣದು ದೊಡ್ಡದು ಎಂಬ ವಿನಾಯಿತಿ ಅಲ್ಲಿಲ್ಲ. ಕಂಪನಿ ಪುಣೆಯಲ್ಲಿರಲಿ, ಚೆನ್ನೈಯಲ್ಲಿರಲಿ, ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಬೈಕುಗಳು ಹೆಚ್ಚಾಗಿ ಅದರೊಳಗೇ ಬರುತ್ತವೆ. ಅದಕ್ಕೂ ಮುಂಚೆ 1915ಕ್ಕೆ ಫೋನ್ ಮಾಡಿ ರಾಷ್ಟ್ರೀಯ ಸಹಾಯವಾಣಿಯಲ್ಲಿ ದೂರು ದಾಖಲಿಸುವ ದಾರಿಯಿದೆ. ಡೆಲಿವರಿ ಹುಡುಗರಿಗೆ ಶೋರೂಮಿನವರು ಹೇಳುವ ‘ನಿಮ್ಮದು ಕಮರ್ಷಿಯಲ್ ಯೂಸು’ ಎಂಬ ಮಾತಿಗೂ ಉತ್ತರ ಇಲ್ಲೇ ಇದೆ: ತಾನೇ ದುಡಿದು ಹೊಟ್ಟೆ ಹೊರೆಯಲು ಕೊಂಡದ್ದು ಈ ಕಾಯ್ದೆಯ ಲೆಕ್ಕದಲ್ಲಿ ವಾಣಿಜ್ಯ ಉದ್ದೇಶವಲ್ಲ, ಅವನೂ ಗ್ರಾಹಕನೇ.

ಆದರೆ ಆಯೋಗಕ್ಕೆ ಕಾಗದ ಬೇಕು, ಮತ್ತು ಶೋರೂಮಿನ ಜಾಣ್ಮೆಯೆಲ್ಲ ಕಾಗದ ಹುಟ್ಟದಂತೆ ನೋಡಿಕೊಳ್ಳುವುದರಲ್ಲಿದೆ. ‘ಮುಂದಿನ ಸರ್ವಿಸ್‌ನಲ್ಲಿ ನೋಡೋಣ’ ಎನ್ನುವುದು ಆ ಜಾಣ್ಮೆಯ ಮುಖ್ಯ ಅಸ್ತ್ರ. ಬೋರ್ಡಿನಲ್ಲಿ ಐದು ವರ್ಷ ವಾರಂಟಿ ಎಂದು ದೊಡ್ಡದಾಗಿ ಇರುತ್ತದೆ. ಇಂತಿಷ್ಟು ಸಾವಿರ ಕಿಲೋಮೀಟರು, ಯಾವುದು ಮೊದಲೋ ಅದು ಎಂಬುದು ಕೆಳಗೆ ಸಣ್ಣದಾಗಿ. ದಿನಕ್ಕೆ ನೂರು ಕಿಲೋಮೀಟರ್ ಓಡಿಸುವ ಹುಡುಗನಿಗೆ ಅರವತ್ತು ಸಾವಿರದ ಮಿತಿ ಎರಡು ವರ್ಷದೊಳಗೇ ಮುಗಿಯುತ್ತದೆ. ಎರಡು ಮೂರು ಸಲ ‘ಮುಂದಿನ ಸರ್ವಿಸ್’ ಎಂದರೆ ವಾರಂಟಿಯ ಒಂದು ಪಾಲು ಕರಗಿತು. ಆದ್ದರಿಂದ ಜಾಬ್ ಕಾರ್ಡಿನಲ್ಲಿ ‘ಎಂಜಿನ್ ಎಡಭಾಗದಿಂದ ಆಯಿಲ್ ಸೋರಿಕೆ’ ಎಂದು ಬರೆಸದೆ ಕೀಲಿ ಕೊಡಬೇಡಿ, ಬರೆದದ್ದರ ಫೋಟೋ ತೆಗೆದುಕೊಳ್ಳಿ, ತೊಳೆಯುವ ಮುಂಚೆಯೇ ಹನಿಯ ವಿಡಿಯೋ ಓಡೋಮೀಟರ್ ಸಮೇತ ಮಾಡಿಟ್ಟುಕೊಳ್ಳಿ. ಬರೆಯಲು ಒಪ್ಪದಿದ್ದರೆ ಅಲ್ಲೇ ನಿಂತು ಕಂಪನಿಯ ಗ್ರಾಹಕ ವಿಭಾಗಕ್ಕೆ ಇಮೇಲ್ ಕಳಿಸಿ. ನಮ್ಮ ಬೀದಿಯ ಆ ಹುಡುಗನ ಗಾಡಿಯ ವಿಷಯದಲ್ಲಿ ನಾವು ಮಾಡಿದ್ದೂ ಅದನ್ನೇ. ಕಂಪನಿಯಿಂದ ಮರುಫೋನು ಬಂದ ಮೇಲೆ ಜಾಬ್ ಕಾರ್ಡಿನಲ್ಲಿ ಸೋರಿಕೆ ಎಂಬ ಪದ ಮೂಡಿತು, ಸೀಲು ಬದಲಾಯಿತು, ಬಿಲ್ಲಿನಲ್ಲಿ ಸೊನ್ನೆ ಬಂತು. ಜಗಳವೇನೂ ಆಗಲಿಲ್ಲ.

ಸೋರುವುದು ಸಹಜ ಎನ್ನುವ ಆ ಕೌಂಟರಿನ ಪಕ್ಕದ ಮೇಜಿನಲ್ಲೇ, ಅದೇ ಸಂಜೆ, ಎಕ್ಸ್‌ಟೆಂಡೆಡ್ ವಾರಂಟಿ ಮಾರುತ್ತಿದ್ದರು. ಬಣ್ಣದ ಪಾಂಪ್ಲೆಟ್ಟು, ಎರಡು ವರ್ಷ ಹೆಚ್ಚುವರಿ ನೆಮ್ಮದಿ. ‘ಇದರಲ್ಲಿ ಆಯಿಲ್ ಸೀಲು, ಗ್ಯಾಸ್ಕೆಟ್ಟು ಬರುತ್ತಾ?’ ಎಂದು ಕೇಳಿದೆ. ‘ಎಂಜಿನ್ ಫುಲ್ ಕವರ್ ಆಗುತ್ತೆ ಸಾರ್’ ಎಂದರು. ಹಾಗಾದರೆ ಆಯಿಲ್ ಸೀಲು ಸೇರಿ ಎಂದು ರಸೀದಿಯ ಮೇಲೆ ಬರೆದು ಸಹಿ ಹಾಕಿ ಕೊಡಿ ಅಂದೆ. ಮ್ಯಾನೇಜರನ್ನು ಕೇಳಿ ಬರುತ್ತೇನೆ ಎಂದು ಎದ್ದು ಒಳಗೆ ಹೋದವರು ನಾವು ಗಾಡಿ ತೆಗೆಯುವವರೆಗೂ ಹೊರಗೆ ಬರಲಿಲ್ಲ.